ಮೊಂಬಾಸಾ ಎಂಬ ಸವತಿ

ಮೊನ್ನೆ ಸಾಗರದ ಮಾರ್ಕೆಟ್ ರಸ್ತೆಯಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಹೊಸದಾಗಿ ಶುರುವಾದ ಚಿಪ್ಸ್ ಅಂಗಡಿಯಿಂದ ಒಂದು ವಾಸನೆ ಬಂತು. ಮರಗೆಣಸನ್ನು ಬೆರಳಿನ ಗಾತ್ರಕ್ಕೆ ಹೆಚ್ಚಿ ಕರಿದು, ಬಿಸಿ ಇರುವಾಗಲೇ ಖಾರದ ಪುಡಿ ಉದುರಿಸಿ, ಮೇಲಿಂದ ಲಿಂಬೆಹಣ್ಣು ಹಿಂಡಿದರೆ ಬರುವ ವಾಸನೆ. ಬೇರೆಯವರಿಗಾದರೆ ಬಾಯಲ್ಲಿ ನೀರೂರಬೇಕು. ನನಗೆ ಹೊಟ್ಟೆಯೊಳಗೆ ಉರಿ ಎದ್ದಿತು. ಇಷ್ಟು ವಯಸ್ಸಾದ ಮೇಲೂ, ಆ ಮನುಷ್ಯ ಹೋಗಿ ಇಷ್ಟು ವರ್ಷವಾದ ಮೇಲೂ, ಉರಿ ಮಾತ್ರ ಹಾಗೇ ಇದೆ ನೋಡಿ. ಸೊಪ್ಪಿನವಳು ಕರೆಯುತ್ತಿದ್ದರೂ ಚೀಲ ಬಗಲಿಗೆ ಹಾಕಿಕೊಂಡು ಬಂದುಬಿಟ್ಟೆ.

ಆ ಮನುಷ್ಯ ಅಂದರೆ ನಮ್ಮನೆಯವರು. ಹೆಸರು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಹೇಳಿದರೆ ಬೈಯುವವರು ಯಾರೂ ಉಳಿದಿಲ್ಲ, ಆದರೂ ನಾಲಿಗೆ ಏಳುವುದಿಲ್ಲ. ಊರಿನವರಿಗೂ ಆ ಹೆಸರು ಬೇಕಾಗಿರಲಿಲ್ಲ. ಸಾಗರದ ಪೇಟೆಗೆಲ್ಲ ಅವರು ಮೊಂಬಾಸಾ ಭಟ್ಟರು. ಮದುವೆಯ ಕರೆಯೋಲೆಯ ಮೇಲೂ ಹಾಗೇ ಬರೆದು ಕೊಡುತ್ತಿದ್ದರು. ನಾನು ಮೊಂಬಾಸಾ ಭಟ್ಟರ ಹೆಂಡತಿ. ಬೇರೆ ಹೆಂಗಸರು ಗಂಡನ ಮನೆತನದ ಹೆಸರು ಹೊತ್ತು ತಿರುಗಿದರೆ, ನಾನು ಕಣ್ಣಿಂದ ನೋಡದ, ನನಗೆ ಬೇಡವೇ ಬೇಡವಾಗಿದ್ದ ಒಂದು ಊರಿನ ಹೆಸರು ಹೊತ್ತು ತಿರುಗಿದೆ.

ನಮಗೆ ತೋಟ ಗದ್ದೆ ಇರಲಿಲ್ಲ. ಪೇಟೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ, ಅವರಿಗೆ ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸಿ ದರ್ಜೆ ಮಾಡುವ ಕೆಲಸ. ಆಗ ಅಲ್ಲಿಯ ದಲ್ಲಾಳಿಗಳು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರ ಕೈಯ ಮೇಲೆ ಒಂದು ವಸ್ತ್ರ ಮುಚ್ಚಿ, ಅದರಡಿಯಲ್ಲಿ ಬೆರಳು ಹಿಡಿದು ಒತ್ತಿ ದರ ತಿಳಿಸುವುದು. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮನೆಯವರು ಆ ವಿದ್ಯೆಯನ್ನು ಮನೆಗೆ ತಂದರು. ಅತ್ತೆಯ ಎದುರು ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲವಲ್ಲ... ಕಾಫಿ ಲೋಟ ಕೊಡುವಾಗ ಹೆಗಲ ಮೇಲಿನ ವಸ್ತ್ರವನ್ನು ಮೆಲ್ಲಗೆ ಕೈ ಮೇಲೆ ಜಾರಿಸಿಕೊಂಡು ನನ್ನ ಬೆರಳು ಹಿಡಿಯುತ್ತಿದ್ದರು. ಕಿರುಬೆರಳು ಒತ್ತಿದರೆ ಕಾಫಿಗೆ ಸಕ್ಕರೆ ಕಮ್ಮಿ. ನಡುಬೆರಳು ಒತ್ತಿದರೆ ಸಂಜೆ ಹೊರಗೆ ಹೋಗೋಣ. ಐದೂ ಬೆರಳು ಕೂಡಿಸಿ ಹಿಡಿದರೆ ಏನೂ ಇಲ್ಲ, ಸುಮ್ಮನೆ. ಆ ಸುಮ್ಮನೆಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ ಅಂತ ಈಗ ಹೇಳಿಕೊಂಡರೆ ಯಾರಿಗೇನು ನಷ್ಟ.

ಮದುವೆಯಾಗಿ ವರ್ಷ ತುಂಬಿರಲಿಲ್ಲ, ಅಡಿಕೆ ಕೊಳ್ಳಲು ಬರುತ್ತಿದ್ದ ಗುಜರಾತಿ ಸೇಠರೊಬ್ಬರು ಇವರ ಕೆಲಸ ಮೆಚ್ಚಿದರು. ಸೇಠರ ತಮ್ಮನಿಗೆ ಮೊಂಬಾಸಾದಲ್ಲಿ ಅಡಿಕೆ, ಲವಂಗ, ಮೆಣಸಿನ ಅಂಗಡಿ. ಆಫ್ರಿಕಾದಲ್ಲಿ ಅಡಿಕೆ ತಿನ್ನುವವರು ಯಾರಪ್ಪ ಅಂತ ಅತ್ತೆ ಕೇಳಿದ್ದರು. ಅಲ್ಲಿ ನಮ್ಮ ದೇಶದವರು ತುಂಬಿಕೊಂಡಿದ್ದಾರೆ, ಅರಬರಿಗೂ ಎಲೆಯಡಿಕೆಯ ರುಚಿ ಹತ್ತಿದೆ ಅಂತ ಸೇಠರು ಹೇಳಿದರಂತೆ. ಆಗಲೇ ನಾನು ಬಸುರಿ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ನಡುವೆ ನಿಂತು, ಚೀಲ ಕೊಡುವ ನೆವದಲ್ಲಿ ಐದೂ ಬೆರಳು ಹಿಡಿದರು. ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗು ಹತ್ತಿದರು.

ಕಾಗದ ಬರೆಯುತ್ತಿದ್ದರು, ಅತ್ತೆಯ ಹೆಸರಿಗೆ. ಅದರಲ್ಲಿ ಅಲ್ಲಿಯ ಬಿಸಿಲು, ಇಲ್ಲಿಯ ಮಳೆ, ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ಆ ಎಲ್ಲರಲ್ಲಿ ನಾನೂ ಒಬ್ಬಳು. ಮಗಳು ಹುಟ್ಟಿದಳು, ನಡೆದಳು, ಶಾಲೆಗೂ ಹೋಗತೊಡಗಿದಳು... ನಡುವೆ ಒಮ್ಮೆ ರಜೆಗೆಂದು ಬಂದರು, ನೆಂಟರು ಬಂದ ಹಾಗೆ ಬಂದು ಹೋದರು. ಕೊನೆಗೆ ಅತ್ತೆಗೆ ಕಾಲು ಬಿದ್ದುಹೋದಾಗ ಪೂರ್ತಿ ಬಿಟ್ಟು ಬಂದರು.

ಬಂದವರು ಒಬ್ಬರೇ ಬರಲಿಲ್ಲ ಮಾರಾಯ್ರೆ, ಆ ಊರನ್ನೂ ಜೊತೆಗೆ ಕರೆದುಕೊಂಡು ಬಂದರು. ಊಟಕ್ಕೆ ಕೂತರೆ ಮೊಂಬಾಸಾ, ಎಲೆ ಹಾಕಿದರೆ ಮೊಂಬಾಸಾ. ನಾನು ಮಾವಿನಕಾಯಿಯ ಅಪ್ಪೆಹುಳಿ ಮಾಡಿ ಬಡಿಸಿದರೆ, ಅದನ್ನು ಸೊರಸೊರ ಕುಡಿಯುತ್ತ, ಅಲ್ಲಿ ಸಮುದ್ರದ ದಂಡೆಯಲ್ಲಿ ಮಾವಿನಕಾಯಿಗೆ ಉಪ್ಪುಖಾರ ಸವರಿ ಕೊಡುತ್ತಿದ್ದ ಸಂಭ್ರಮ ವರ್ಣಿಸುತ್ತಿದ್ದರು. ಸಂಜೆಯಾದರೆ ಮರಗೆಣಸು ಕರಿಯಬೇಕು, ಲಿಂಬೆ ಹಿಂಡಬೇಕು. ನನ್ನ ಒಲೆ, ನನ್ನ ಎಣ್ಣೆ, ನನ್ನ ಸೊಂಟನೋವು. ಹೊಗಳಿಕೆ ಮಾತ್ರ ಅವಳಿಗೆ. ಅವಳು ಅಂದೆ ನೋಡಿ, ನನಗೆ ಆ ಊರು ಯಾವತ್ತೂ ಅವಳೇ.

ಕೇಳಿ ಕೇಳಿ ನನಗೆ ಅವಳ ಜಾತಕವೆಲ್ಲ ಬಾಯಿಪಾಠ. ಅದು ದ್ವೀಪವಂತೆ. ವರ್ಷದ ಕೊನೆಯಲ್ಲಿ ಈಶಾನ್ಯದ ಗಾಳಿ ಬೀಸಿದಾಗ ಕಚ್ಛದಿಂದ, ಮಸ್ಕತ್ತಿನಿಂದ, ಕುವೈತಿನಿಂದ ಹಾಯಿ ಹಡಗುಗಳು ಖರ್ಜೂರ, ರತ್ನಗಂಬಳಿ, ಒಣಮೀನು ತುಂಬಿಕೊಂಡು ಬಂದು ಸೇರುತ್ತವಂತೆ. ಆ ಹಡಗಿನ ಯಜಮಾನರಿಗೆ ನಖೋದ ಅಂತ ಹೆಸರು. ಗಾಳಿ ತಿರುಗುವ ತನಕ ಅವರು ಅಲ್ಲೇ ಠಿಕಾಣಿ. ಆಮೇಲೆ ನೈಋತ್ಯದ ಗಾಳಿ ಎದ್ದ ಕೂಡಲೇ ಆನೆದಂತ, ಲವಂಗ, ಮನೆ ಕಟ್ಟುವ ಗಳು ಹೇರಿಕೊಂಡು ವಾಪಸು. ಸಾವಿರಾರು ವರ್ಷದಿಂದ ಹೀಗೇ ನಡೆದು ಬಂದದ್ದಂತೆ. ಚೀನಾದ ಪಿಂಗಾಣಿ ಆ ಊರಿನ ಗೋರಿಗಳ ಗೋಡೆಯಲ್ಲಿದೆಯಂತೆ. ಪೋರ್ಚುಗೀಸರು ಬಂದು ಊರು ಸುಟ್ಟು, ಹವಳದ ಕಲ್ಲಿನಿಂದ ಕೋಟೆ ಕಟ್ಟಿದರಂತೆ. ಮಸ್ಕತ್ತಿನವರು ವರ್ಷಗಟ್ಟಲೆ ಮುತ್ತಿಗೆ ಹಾಕಿ, ಒಳಗಿದ್ದವರೆಲ್ಲ ಹಸಿವು ಕಾಯಿಲೆಯಿಂದ ಸತ್ತ ಮೇಲೆ ಆ ಕೋಟೆ ಹಿಡಿದರಂತೆ. ಇಂಗ್ಲಿಷರು ಬಂದು ಪಂಜಾಬಿನ ಕೂಲಿಗಳನ್ನು ಕರೆತಂದು ಕಾಡಿನೊಳಕ್ಕೆ ರೈಲು ಹಾಸಿದರಂತೆ. ಅಲ್ಲಿಯ ಮನೆಗಳ ಮೇಲೆ ಹೊದಿಸಿದ್ದು ನಮ್ಮ ಮಂಗಳೂರು ಹೆಂಚಂತೆ. ಇಷ್ಟು ಜನರ ಕೈ ದಾಟಿ ಬಂದ ಊರಿನ ಮೇಲೆ ನಮ್ಮನೆಯವರಿಗೆ ಯಾಕಿಷ್ಟು ಮರುಳು ಅಂತ ನಾನು ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದೆ.

ಅವರು ಬಂದ ಹೊಸದರಲ್ಲಿ ಒಂದು ತಮಾಷೆಯಾಯಿತು. ಜಗಲಿಯಲ್ಲಿ ಕೂತು ಮಂಡಿಯ ಹಳೆಯ ಸ್ನೇಹಿತರೊಡನೆ ಮಾತಾಡುವಾಗ ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಕಿಲಿಂಡಿನಿ ಎಷ್ಟು ಆಳ, ಸಂಜೆ ಹೊತ್ತು ಕಿಲಿಂಡಿನಿ ನೋಡಲು ಎಷ್ಟು ಚೆಂದ ಅಂತೆಲ್ಲ. ನಳಿನಿ, ಮಾಲಿನಿ ಅಂತ ಹೆಸರಿಡುವ ಊರಿನಲ್ಲಿ ಇದನ್ನು ಕೇಳಿದವರು ಏನು ತಿಳಿಯಬೇಕು ಹೇಳಿ. ಅತ್ತೆ ಮಲಗಿದಲ್ಲಿಂದಲೇ ನನ್ನನ್ನು ಕರೆದು, "ಯಾರೇ ಅದು, ಕಿಲಿಂಡಿನಿ?" ಅಂದರು. ಆ ದಿನ ನಾನು ಸಾರಿಗೆ ಉಪ್ಪು ಹಾಕಲಿಲ್ಲ, ನಮ್ಮನೆಯವರ ಬಟ್ಟೆ ಒಗೆಯಲಿಲ್ಲ. ಅದು ದೊಡ್ಡ ಹಡಗುಗಳು ನಿಲ್ಲುವ ಬಂದರಿನ ಹೆಸರು ಅಂತ ಗೊತ್ತಾದ ಮೇಲೆ ಅತ್ತೆ ನಕ್ಕರು, ಅವರೂ ನಕ್ಕರು. ನನಗೆ ಸಮಾಧಾನವೇನೂ ಆಗಲಿಲ್ಲ. ಹೆಣ್ಣಾಗಿದ್ದರೆ ಮುದಿಯಾಗಿ ಸಾಯುತ್ತಿದ್ದಳು, ಬಂದರು ಎಲ್ಲಿ ಸಾಯುತ್ತದೆ?

ಒಮ್ಮೆ ನನ್ನ ತವರು ಮೇಗರವಳ್ಳಿಗೆ ಹೊರಟಿದ್ದೆವು. ಹೊಸನಗರದ ದಾರಿಯಲ್ಲಿ, ಹಿಂದೆ ಅರಸರ ರಾಜಧಾನಿಯಾಗಿದ್ದ ನಗರ ಎಂಬ ಊರಿನಲ್ಲಿ ಬಸ್ಸು ಇಳಿದು, ಕೋಟೆ ನೋಡಿಕೊಂಡು ಮುಂದಿನ ಬಸ್ಸಿಗೆ ಹೋಗೋಣ ಅಂದರು. ಬಸ್ಸಿನಲ್ಲಿ, ಚೀಲದ ಅಡಿಯಲ್ಲಿ, ನನ್ನ ನಡುಬೆರಳನ್ನೂ ಒತ್ತಿದ್ದರು. ನಾನು ಹೊಸ ಸೀರೆ ಉಟ್ಟಿದ್ದೆ. ಮಗಳನ್ನು ಕೈಹಿಡಿದು ಕೋಟೆ ಹತ್ತಿದೆವು. ಮೇಲೆ ನಿಂತು ನನ್ನ ಕಡೆ ತಿರುಗಿ ಏನೋ ಹೇಳುವವರ ಹಾಗೆ ಬಾಯಿ ತೆರೆದರು. ಏನು ಹೇಳಿದರು ಗೊತ್ತಾ? ಈ ಅರಸರ ಕಾಲದಲ್ಲಿ ಘಟ್ಟದ ಕೆಳಗಿನ ಬಂದರುಗಳಿಂದ ಮಸ್ಕತ್ತಿಗೆ ಅಕ್ಕಿ ಹೋಗುತ್ತಿತ್ತು, ಆ ಅಕ್ಕಿ ಉಂಡವರೇ ಮೊಂಬಾಸಾದ ಕೋಟೆ ಗೆದ್ದದ್ದು, ಅಂತ. ಅಲ್ಲಿಗೂ ಬಂದು ಕೂತಳು! ಮೇಗರವಳ್ಳಿಗೆ ಹೋಗಿ ಸೇರಿದರೆ ಮಳೆ ಹೊಡೆಯುತ್ತಿತ್ತು. ನಮ್ಮ ಅಪ್ಪನ ಎದುರು ಕೂತು, ಅಲ್ಲಿ ಹಾಯಿಗೆ ತುಂಬಿಕೊಳ್ಳುವ ಗಾಳಿಯೇ ಸಮುದ್ರ ದಾಟಿ ಬಂದು ಇಲ್ಲಿ ಮಳೆಯಾಗುವುದು ಅಂತ ವಿವರಿಸಿದರು. ನಾನು ಹುಟ್ಟಿದಾಗಿನಿಂದ ನೆನೆದ ಮಳೆ, ಅದೂ ಅವಳ ಮನೆಯಿಂದ ಬಂದದ್ದಂತೆ. ನನಗೆ ಅಂತ ಏನು ಉಳಿಯಿತು?

ಉಳಿದದ್ದು ಬೆರಳು, ಅಂದುಕೊಂಡಿದ್ದೆ. ಅದೂ ಒಂದು ದಿನ ಹೋಯಿತು. ಮಗಳಿಗೆ ಕಥೆ ಹೇಳುತ್ತ, ಅಲ್ಲಿಯ ನಖೋದರೂ ನಮ್ಮ ಮಂಡಿಯವರ ಹಾಗೆಯೇ ಬಟ್ಟೆಯಡಿ ಬೆರಳು ಹಿಡಿದೇ ವ್ಯಾಪಾರ ಮಾಡುತ್ತಾರೆ, ಭಾಷೆ ಬಾರದವನೂ ಬೆರಳಿನಲ್ಲಿ ಮಾತಾಡಬಹುದು, ತಾನು ಅಲ್ಲಿಗೆ ಹೋಗಿ ಸೇರಿದ ವಾರದಲ್ಲೇ ಕುವೈತಿನವನ ಜೊತೆ ಹಾಗೆ ಲವಂಗದ ದರ ಕುದುರಿಸಿದೆ ಅಂತ ಹೆಮ್ಮೆಯಿಂದ ಹೇಳಿದರು. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ವ್ಯಾಪಾರದ ಬೆರಳು ಬೇರೆ, ನಮ್ಮ ಬೆರಳು ಬೇರೆ ಅಂತ ಬುದ್ಧಿಗೆ ಗೊತ್ತು. ಹೊಟ್ಟೆಗೆ ಗೊತ್ತಾಗಬೇಕಲ್ಲ. ಸಂಜೆ ಕಾಫಿ ಲೋಟವನ್ನು ಕೈಗೆ ಕೊಡದೆ ನೆಲದ ಮೇಲೆ ಕುಕ್ಕಿದೆ. ಆಮೇಲೆ ಎಷ್ಟೋ ದಿನ ಹಾಗೇ ಕುಕ್ಕಿದೆ. ಅವರು ಕೇಳಲೂ ಇಲ್ಲ, ವಸ್ತ್ರ ಜಾರಿಸಲೂ ಇಲ್ಲ... ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಬಾಯಿಬಿಟ್ಟು ಮಾತಾಡಬಹುದಾಗಿತ್ತಲ್ಲ, ಹಾಗಾಗಿ ಬೆರಳಿನ ಮಾತು ತಾನಾಗಿಯೇ ನಿಂತುಹೋಯಿತು.

ಅವಳನ್ನು ಒಮ್ಮೆ ಎದುರಿಗೆ ನಿಂತು ನೋಡಿಬಿಡಬೇಕು ಅಂತ ನನಗೆ ಹಟ ಹುಟ್ಟಿತು. ನೋಡಿದರೆ ಎಲ್ಲ ಊರಿನ ಹಾಗೆ ಕೊಳೆ, ಚರಂಡಿ, ಧೂಳು ಕಂಡು ನನ್ನ ಉರಿ ಆರೀತು ಅಂತ. "ಎಂಗೂ ಆ ಊರು ಒಂದ್ಸಲ ತೋರ್ಸಿ" ಅಂತ ನೇರ ಕೇಳಿದೆ.

"ಹೋಪನ ಮಾರಾಯ್ತಿ. ಈಗೆಂತ ಅವಸರ ಇದ್ದು?"

ಅದೇ ಉತ್ತರ, ಪ್ರತಿ ಸಲವೂ. ಸೇಠರ ಮನೆಯಿಂದ ಕರೆ ಬಂದಾಗಲೂ ಅದೇ. ಮಗಳ ಮದುವೆಯಾಗಲಿ ಅಂದರು, ಆಯಿತು. ಬಾಣಂತನ ಮುಗಿಯಲಿ ಅಂದರು, ಮುಗಿಯಿತು. ಬೊಂಬಾಯಿಯ ಹಡಗು ನಿಂತಿದೆ ಅಂದರು, ವಿಮಾನ ಇದೆಯಲ್ಲ ಅಂದೆ. ಸುಮ್ಮನೆ ನಕ್ಕರು. ನನಗೆ ಖಾತ್ರಿಯಾಯಿತು, ಇವರಿಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನಾಚಿಕೆ. ಹುಳಿ ಕಲೆಯ ಸೆರಗಿನ ಹೆಂಡತಿಯನ್ನು ಅವಳೆದುರು ಹೇಗೆ ನಿಲ್ಲಿಸುವುದು ಅಂತ.

ಕೊನೆಗೆ ಶಿವಮೊಗ್ಗದ ಆಸ್ಪತ್ರೆ ಸೇರಿದರು. ಮಾತು ನಿಂತಿತ್ತು. ಹೊದಿಕೆಯ ಅಡಿಯಲ್ಲಿ ನನ್ನ ಕೈ ಹುಡುಕಿದರು. ಅಷ್ಟು ವರ್ಷದ ಮೇಲೆ. ನಡುಬೆರಳು ಹಿಡಿದು ಒತ್ತಿದರು. "ಎಲ್ಲಿಗೆ ಹೋಪನ?" ಅಂದೆ. ಮತ್ತೆ ಒತ್ತಿದರು, ಕಣ್ಣು ಕಿಟಕಿಯ ಕಡೆಗಿತ್ತು. ಮಗಳು, ಅಪ್ಪ ಮನೆಗೆ ಹೋಗೋಣ ಅನ್ನುತ್ತಿದ್ದಾರೆ ಅಂದಳು. ನಾನು ತಲೆಯಾಡಿಸಿದೆ. ಆದರೆ ನನ್ನ ಒಳಗಿನವಳು, ಆ ಹೊತ್ತಿನಲ್ಲೂ, ಇವರು ಯಾವ ಕುವೈತಿನ ನಖೋದನಿಗೆ ಬೆರಳು ಕೊಡುತ್ತಿದ್ದಾರೋ, ಯಾವ ಬಂದರಿಗೆ ಹೊರಟಿದ್ದಾರೋ ಅಂದಳು. ಸಾಯುವ ಮನುಷ್ಯನ ಕೈ ಹಿಡಿದುಕೊಂಡು ಹೊಟ್ಟೆಕಿಚ್ಚುಪಟ್ಟವಳು ನಾನೊಬ್ಬಳೇ ಇರಬೇಕು.

ಅದು ಅಲ್ಲಿಗೆ ಮುಗಿಯಿತು ಅಂತ ತಿಳಿದಿದ್ದೆ. ಹೋದ ವರ್ಷ ಮಳೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ ಬಾಗಿಲ ಮುಂದೆ ಆಟೋ ನಿಂತಿತು. ಬಿಳಿ ಪೈಜಾಮದ ಒಬ್ಬ ಮುದುಕರು ಇಳಿದರು, ಜೊತೆಗೆ ಮಂಡಿಯ ಗುಮಾಸ್ತ. ಬಂದವರು ಮೊಂಬಾಸಾದ ಸೇಠರ ಮಗ. ಹುಡುಗನಾಗಿದ್ದಾಗ ಅಂಗಡಿಯಲ್ಲಿ ನಮ್ಮನೆಯವರ ಕೈಕೆಳಗೆ ಕೆಲಸ ಕಲಿತವರು. ಬಂಧುಗಳ ಮದುವೆಗೆ ಅಂತ ಭಾರತಕ್ಕೆ ಬಂದಿದ್ದರು, ಸಾಗರ ನೋಡಿಯೇ ಹೋಗಬೇಕು ಅಂತ ಇಲ್ಲಿಯವರೆಗೆ ಬಂದಿದ್ದರು. ಮಂಡಿಯಲ್ಲಿ ನಮ್ಮನೆಯವರ ಹೆಸರು ಹೇಳಿ ಕೇಳಿದರೆ ಒಬ್ಬನಿಗೂ ಗೊತ್ತಾಗಲಿಲ್ಲವಂತೆ. ಮೊಂಬಾಸಾದಲ್ಲಿ ಇದ್ದವರು ಅಂದ ಕೂಡಲೇ ಇಡೀ ಮಂಡಿಯೇ ದಾರಿ ತೋರಿಸಿತಂತೆ.

ಗೋಡೆಯ ಮೇಲಿನ ಫೋಟೋ ನೋಡಿ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡರು. ಅವರು ಹೋದ ಸುದ್ದಿ ಗೊತ್ತಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಹಿಂದಿ ಪರೀಕ್ಷೆ ಕಟ್ಟಿದ್ದೆ, ಹಾಗಾಗಿ ಅವರ ಹಿಂದಿ ತಿಳಿಯುತ್ತಿತ್ತು. ಮಂಡಿಯವರು ಇವರನ್ನು ಮೊಂಬಾಸಾ ಅಂತ ಕರೆಯುವುದು ಕೇಳಿ ನಗು ಬಂತು ಅಂದರು. ಯಾಕೆ ಅಂತ ಕೇಳಿದೆ.

"ಭಾಭೀ, ಅಲ್ಲಿ ಅವರ ನಿಜವಾದ ಹೆಸರು ನಮ್ಮ ಲೆಕ್ಕದ ಪುಸ್ತಕಕ್ಕೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯವರು, ಬಂದರಿನವರು, ನಖೋದರು, ಎಲ್ಲರಿಗೂ ಅವರು ಸಾಗರ್ ಭಾಯಿ."

ಅವರು ಹೇಳುತ್ತಾ ಹೋದರು. ಸಂಜೆ ಅಂಗಡಿ ಮುಚ್ಚಿದ ಮೇಲೆ ಹಳೆ ಪೇಟೆಯ ಕಲ್ಲಿನ ಜಗಲಿಯ ಮೇಲೆ ಕೂತು ಇವರು ಒಂದೇ ಸಮ ಸಾಗರದ ಕಥೆ ಹೇಳುತ್ತಿದ್ದರಂತೆ. ಗಣಪತಿ ಕೆರೆ, ಗುಡಿಗಾರರ ಓಣಿಯಲ್ಲಿ ಗಂಧ ಕೆತ್ತುವ ಪರಿಮಳ, ಜೋಗದ ಸದ್ದು. ಕೋಟೆಯೊಳಗೆ ಒಮ್ಮೆ ಕರೆದುಕೊಂಡು ಹೋದರೆ, ಇದೇನು ಮಹಾ, ನಮ್ಮ ನಗರದ ಕೋಟೆ ನೋಡಬೇಕು, ಆ ಅರಸರ ಅಕ್ಕಿ ಉಂಡವರೇ ನಿಮ್ಮ ಈ ಕೋಟೆ ಗೆದ್ದದ್ದು ಅಂತ ಮಸ್ಕತ್ತಿನವರ ಎದುರೇ ಜಂಬ ಕೊಚ್ಚಿದ್ದರಂತೆ. ಅಲ್ಲಿಯ ಮಾವಿನಕಾಯಿಯನ್ನು ಕೈಯಲ್ಲಿ ಹಿಡಿದು, ನನ್ನ ಹೆಂಡತಿಯ ಅಪ್ಪೆಹುಳಿಯ ಮುಂದೆ ಇದು ಯಾವ ಲೆಕ್ಕ ಅನ್ನುತ್ತಿದ್ದರಂತೆ. ಆ ಮುದುಕರು ಅಪ್ಪೆಹುಳಿ ಅನ್ನುವ ಮಾತನ್ನು ಒಂದೊಂದೇ ಅಕ್ಷರ ನೆನಪು ಮಾಡಿಕೊಂಡು ಹೇಳಿದರು. ನಾನು ಹೇಗೆ ನಗುತ್ತೇನೆ, ಲೋಟ ಕೊಡುವಾಗ ಹೇಗೆ ಬೇರೆಲ್ಲೋ ನೋಡುತ್ತೇನೆ, ಅದೂ ಆ ಓಣಿಗೆಲ್ಲ ಗೊತ್ತು. ತಮ್ಮ ತಾಯಿ ನನ್ನನ್ನು ನೋಡದೆಯೇ ನನ್ನ ಮೇಲೆ ಉರಿದುಕೊಳ್ಳುತ್ತಿದ್ದರು, ಗಂಡ ಅಂದರೆ ಸಾಗರ್ ಭಾಯಿಯ ಹಾಗೆ ಇರಬೇಕು ಅಂತ ತಂದೆಯ ಜೊತೆ ಜಗಳ ತೆಗೆಯುತ್ತಿದ್ದರು ಅಂತಲೂ ಹೇಳಿದರು.

ಮೊಂಬಾಸಾದಲ್ಲಿ ಒಬ್ಬಳು ನನ್ನ ಮೇಲೆ ಹೊಟ್ಟೆಕಿಚ್ಚುಪಡುತ್ತಿದ್ದಳಂತೆ! ನಾನು ಇಲ್ಲಿ ಕಾಫಿ ಲೋಟ ಕುಕ್ಕುತ್ತಿದ್ದೆ.

ಹಾಗಾದರೆ ನನ್ನನ್ನು ಯಾಕೆ ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ ಅಂತ ಕೇಳಿದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಗುಮಾಸ್ತ ತಲೆಯೆತ್ತಿ ನೋಡಿದ. ಮುದುಕರು ನಕ್ಕರು. ಅವರ ತಂದೆ ಅಂಗಡಿಯ ಮೇಲಿನ ಮನೆ ಖಾಲಿ ಮಾಡಿಸಿ, ಹೆಂಡತಿ ಮಗಳನ್ನು ಕರೆಸಿಕೋ ಅಂತ ಎಷ್ಟೋ ಸಲ ಒತ್ತಾಯ ಮಾಡಿದ್ದರಂತೆ. ಇವರು ಒಂದೇ ಮಾತು ಹೇಳುತ್ತಿದ್ದರಂತೆ.

"ಅವಳೂ ಇಲ್ಲಿಗೆ ಬಂದುಬಿಟ್ಟರೆ ನಾನು ಕೂತು ನೆನೆಸಿಕೊಳ್ಳೋದು ಯಾರನ್ನ?"

ಅಲ್ಲಿಯವರು ಅದನ್ನು ಪ್ರೀತಿ ಅಂದುಕೊಂಡಿದ್ದರು. ಆ ಮುದುಕರೂ ಹಾಗೇ ಅಂದುಕೊಂಡು, ನನಗೆ ದೊಡ್ಡ ಉಡುಗೊರೆ ತಂದುಕೊಟ್ಟವರ ಹಾಗೆ ಮುಖ ಅರಳಿಸಿ ಕೂತಿದ್ದರು. ನಾನು ಒಳಗೆ ಹೋಗಿ ಅಪ್ಪೆಹುಳಿ ಮಾಡಿದೆ. ಭರಣಿಯಿಂದ ತೆಗೆದ ಉಪ್ಪು ಮಾವಿನಕಾಯಿಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಕಿವುಚಿದೆ, ಸಿಟ್ಟಿನಿಂದಲೋ ಅಳುವಿನಿಂದಲೋ ಹೇಳಲಾರೆ. ಅವರು ಎರಡು ಲೋಟ ಕುಡಿದು, ಸಾಗರ್ ಭಾಯಿ ಹೇಳಿದ್ದು ಕಡಿಮೆಯೇ ಆಯಿತು ಅಂದರು. ಸಂಜೆಯ ಬಸ್ಸಿಗೆ ಹೋದರು.

ಆಮೇಲೆ ಯೋಚನೆ ಮಾಡಿದೆ. ಅಲ್ಲ, ಈ ಮನುಷ್ಯ ಎಂಥವರು? ಅಲ್ಲಿದ್ದಾಗ ಇಲ್ಲಿಯದು, ಇಲ್ಲಿದ್ದಾಗ ಅಲ್ಲಿಯದು. ಕೈಗೆ ಸಿಕ್ಕಿದ್ದನ್ನು ಬಾಯಿತುಂಬ ಹೊಗಳುವ ಜಾಯಮಾನವೇ ಅಲ್ಲ. ನಾನು ಇಷ್ಟು ವರ್ಷ ಬೈದುಕೊಂಡ ಆ ಊರೂ ಪಾಪ ನನ್ನ ಹಾಗೆಯೇ, ಎದುರಿಗೆ ಕೂತವರ ಬಾಯಲ್ಲಿ ಬೇರೆಯವಳ ಗುಣಗಾನ ಕೇಳಿದ್ದು. ಅವಳ ಮೇಲಿನ ಉರಿ ಅದರಿಂದ ಕಮ್ಮಿಯಾಗಬೇಕಿತ್ತು. ಆಗಲಿಲ್ಲ ನೋಡಿ. ನನ್ನ ಬಗ್ಗೆ ಅವರು ಆಡಿದ ಒಳ್ಳೆಯ ಮಾತುಗಳನ್ನೆಲ್ಲ ಬಿಸಿಬಿಸಿಯಾಗಿ ಕೇಳಿದವಳು ಅವಳೇ ಅಲ್ಲವಾ? ನನಗೆ ಬಂದದ್ದು ಈಗ, ಇನ್ನೊಬ್ಬರ ಬಾಯಿಂದ, ಹಿಂದಿಯಲ್ಲಿ.

ಈಗ ಮನೆಯಲ್ಲಿ ನಾನೊಬ್ಬಳೇ. ಸಂಜೆ ಜಗಲಿಯಲ್ಲಿ ಕೂತಾಗ ಅನ್ನಿಸುತ್ತದೆ, ಅವರು ಹೋಗಿರುವುದು ಮೂರನೆಯ ಊರಿಗೆ. ಅಲ್ಲಿ ಹೊಸಬರು ಯಾರಾದರೂ ಸಿಕ್ಕಿಯೇ ಇರುತ್ತಾರೆ, ಅವರನ್ನು ಬಿಡುವ ಪೈಕಿಯಲ್ಲ ಇವರು. ಹಿಡಿದು ಕೂರಿಸಿಕೊಂಡು ಸಾಗರದ ಮಾತು ಶುರು ಮಾಡಿರುತ್ತಾರೆ. ನಾನು ಲೋಟ ಕುಕ್ಕುತ್ತಿದ್ದ ರೀತಿ ಹೇಳಿ ನಗುತ್ತಿರುತ್ತಾರೆ. ನನ್ನೆದುರು ಒಮ್ಮೆಯೂ ಆಡದ ಮಾತುಗಳನ್ನೆಲ್ಲ ಅಲ್ಲಿ ಕೂತು ಆಡುತ್ತಿರುತ್ತಾರೆ... ಅದನ್ನು ಕೇಳುತ್ತಿರುವವರು ಯಾರೋ, ನನಗೆ ಗೊತ್ತಿಲ್ಲ. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ಕೇಳುವವರ ಮೇಲೆ.